ನೂರಕ್ಕೆ ನಲವತ್ತೊಂದು

ಕಂದು ಕಲ್ಲಿದ್ದಲನ್ನು ಕಲ್ಲು ಅನ್ನಬಾರದು.
ಉಗುರಿಗೆ ಸಿಕ್ಕುತ್ತದೆ, ಒಣಗಿದರೆ ಬಿರಿಯುತ್ತದೆ,
ಹಿಡಿದ ಹಿಡಿಯೊಳಗೆ ಅರ್ಧಕ್ಕರ್ಧ ನೀರು.
ಒಮ್ಮೊಮ್ಮೆ ಮರದ ಎಳೆ ಹಾಗೇ ಉಳಿದಿರುತ್ತದೆ,
ಒಲೆಗೆಂದು ಯಾರೋ ಕಟ್ಟಿಗೆ ತಂದಿಟ್ಟು
ಮರೆತುಹೋದಂತೆ
ಒಂದೂವರೆ ಕೋಟಿ ವರ್ಷ.

ಲುಸಾಟಿಯಾದ ಈ ಕಾರ್ಖಾನೆಯಲ್ಲಿ ನನ್ನದು ರಾತ್ರಿ ಪಾಳಿ.
ಹೆಸರು ಲೆಯ್ನಾ. ಮನೆಯಲ್ಲಿ ಸೋರ್ಬ್ ಮಾತು,
ಯಂತ್ರದ ಮುಂದೆ ಜರ್ಮನ್,
ಒಬ್ಬಳೇ ಇದ್ದಾಗ ಎರಡೂ ಇಲ್ಲ.
ಎರಡು ಬೆಲ್ಟುಗಳು ಬರುತ್ತವೆ:
ಒಂದರಲ್ಲಿ ಹೊಂಡದ ಕಂದು ಪುಡಿ,
ಇನ್ನೊಂದರಲ್ಲಿ ಪಾಪ್ಲರ್ ಚಕ್ಕೆ, ರೈ ಹುಲ್ಲು,
ಹೋದ ಬೇಸಗೆಯಲ್ಲಿ ಇನ್ನೂ ಗಾಳಿಗೆ ತೂಗುತ್ತಿದ್ದದ್ದು.
ಕುಲುಮೆಯ ಬಾಯಿಗೆ ಎರಡೂ ಒಂದೇ ತುತ್ತು.
ಸುಡುವುದಿಲ್ಲ ಅವನ್ನು.
ಸುಡಲು ಸಾಲದಷ್ಟೇ ಉಸಿರು ಕೊಟ್ಟು ಅನಿಲವಾಗಿಸುತ್ತೇವೆ.
ಎಲೆ, ಬೇರು, ಗಂಟು, ಗಂಧಕ, ಬೂದಿ, ಎಲ್ಲ ಕಳೆದು
ಉಳಿಯುವವರು ಇಬ್ಬರು: ಇಂಗಾಲದ ಒಂದು ವಿಷ,
ಜಲಜನಕದ ಒಂದು ಹಗುರ.
ಕಬ್ಬಿಣದ ಪುಡಿಯ ಮೇಲೆ ಅವರ ಸಂಬಂಧ ಕುದುರಿಸಿದರೆ
ಸರಪಳಿಗೆ ಸರಪಳಿ ಕೂಡಿ
ಮೇಣವಾಗಿ, ಎಣ್ಣೆಯಾಗಿ
ನಲ್ಲಿಯ ತುದಿಯಲ್ಲಿ ತೊಟ್ಟಿಕ್ಕುತ್ತದೆ
ನೀರಿಗಿಂತ ತಿಳಿಯಾಗಿ.

ಇಷ್ಟಾದ ಮೇಲೆ ಅಧಿಕಾರಿಗಳಿಗೆ ಒಂದೇ ಪ್ರಶ್ನೆ:
ಇದರಲ್ಲಿ ಬೆಳೆಯ ಪಾಲೆಷ್ಟು, ಹೊಂಡದ ಪಾಲೆಷ್ಟು?
ತೆರಿಗೆ ಅದರ ಮೇಲೆ.
ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು.
ಆದರೆ ಈಚೆಗೆ ಬದುಕಿದ್ದರಲ್ಲಿ ಕಾರ್ಬನ್ ಹದಿನಾಲ್ಕು
ಇನ್ನೂ ಟಿಕ್ಕೆನ್ನುತ್ತಿರುತ್ತದೆ;
ಹಳೆಯದರಲ್ಲಿ ಆ ಗಡಿಯಾರ ನಿಂತು ಯಾವ ಕಾಲವಾಯಿತೋ.
ನನ್ನ ಕೆಲಸ ಆ ಟಿಕ್ಕುಗಳನ್ನು ಎಣಿಸುವುದು.
ಹಾಲಿನದು ಹಾಲಿಗೆ, ನೀರಿನದು ನೀರಿಗೆ.
ಇಪ್ಪತ್ತೆಂಟನೆಯ ಸೀಸೆ:
ನೂರಕ್ಕೆ ನಲವತ್ತೊಂದು, ಹಸಿರು.
ಸಹಿ ಮಾಡಿದೆ.

ತಾತ ಕೀತೊಗೆ ಎಂಬತ್ತಮೂರು.
ಸ್ಲೋವ್ಕೊವ್ ಅವನ ಊರು, ಪ್ಲಮ್ ಹಣ್ಣಿನೂರು.
ನಕಾಶೆಯಲ್ಲಿ ಈಗ ಅರ್ಧ ಕೆರೆ, ಅರ್ಧ ಪಾಪ್ಲರ್ ತೋಪು.
ಊರನ್ನು ಕಂಪನಿ ಅಗೆಯಿತು ಅನ್ನುತ್ತಾರೆ ಎಲ್ಲರೂ.
ಕಂಪನಿಗೆ ಕೈಯಿಲ್ಲ.
ಬಕೆಟ್ಟಿನ ಚಕ್ರದ ಆ ಯಂತ್ರದ ಮೇಲೆ, ಮೂರನೆಯ ಪಾಳಿಯಲ್ಲಿ,
ಕೂತಿದ್ದವನು ನನ್ನ ತಾತ.
ಅವನೇ ಹೇಳಿದ್ದು, ಒಮ್ಮೆ ಮಾತ್ರ, ಆಲೂಗಡ್ಡೆ ಸುಲಿಯುತ್ತಾ:
"ನಮ್ಮ ಅಡುಗೆಮನೆ ಬಂದಾಗ ಇನ್ನೊಬ್ಬನನ್ನು ಕೂರಿಸಬಹುದಿತ್ತು.
ಕೂರಿಸಲಿಲ್ಲ. ಬೇರೆಯವರ ಕೈಗೆ ಯಾಕೆ?"
ಸಿಪ್ಪೆ ತುಂಡಾಗದೆ ಕೆಳಗಿಳಿಯಿತು.

ಈಗ ಅಲ್ಲೇ, ತುಂಬಿಸಿದ ಮಣ್ಣಿನಲ್ಲಿ,
ಪಾಪ್ಲರ್ ಕಡ್ಡಿ ನೆಟ್ಟು, ಮೂರು ವರ್ಷಕ್ಕೊಮ್ಮೆ ಕಡಿದು
ನಮ್ಮ ಬೆಲ್ಟಿಗೆ ಹೇರಿ ಕಳಿಸುವವನೂ ಅವನೇ.

ಮಿಕ್ಕ ಮಾದರಿಯನ್ನು ಹಿಂದಕ್ಕೆ ಸುರಿಯಬೇಕೆಂದು ನಿಯಮ.
ಸುರಿಯಲಿಲ್ಲ. ಕೋಟಿನ ಜೇಬಿನಲ್ಲಿ ಮನೆಗೆ ತಂದೆ.
ತಾತ ಬೆಳಕಿಗೆ ಹಿಡಿದ. ಮುಚ್ಚಳ ತೆಗೆದು ಮೂಸಿದ.
ಅವನ ಮೂಗಿಗೆ ಗೊತ್ತಿರುವುದು ಚಳಿಗಾಲದ ಇದ್ದಲಿಟ್ಟಿಗೆಯ ಹೊಗೆ,
ಒಣಹಾಕಿದ ಅಂಗಿಯಲ್ಲಿ, ಅಜ್ಜಿಯ ಕೂದಲಲ್ಲಿ,
ರೊಟ್ಟಿಯಲ್ಲೂ ಕೂತಿರುತ್ತಿದ್ದ ಹಳದಿ ಘಾಟು.
ಮತ್ತೊಮ್ಮೆ ಮೂಸಿದ.
"ಇದರೊಳಗೆ ಯಾರೂ ಇಲ್ಲವಲ್ಲೇ."

ಲೆಕ್ಕ ಹೇಳಿದೆ: ನಲವತ್ತೊಂದು ಪಾಲು ನೀನು ಬೆಳೆದದ್ದು,
ಐವತ್ತೊಂಬತ್ತು ನೀನು ತೆರೆದ ಹೊಂಡದ್ದು.
"ಸ್ಲೋವ್ಕೊವ್ ಯಾವುದರಲ್ಲಿ?"
ಅದಕ್ಕೆ ಯಂತ್ರವಿಲ್ಲ ನಮ್ಮಲ್ಲಿ.
ಊರು ಕಲ್ಲಿದ್ದಲ ಮೇಲಿತ್ತು, ಕಲ್ಲಿದ್ದಲಾಗಿರಲಿಲ್ಲ.
ತೋಪು ಊರಿನ ಜಾಗದಲ್ಲಿದೆ, ಅಷ್ಟೆ.

ಅವನು ಅಂಗಳಕ್ಕೆ ಹೋಗಿ
ಟ್ರ್ಯಾಕ್ಟರಿನ ಟ್ಯಾಂಕಿಗೆ ಸೀಸೆ ಬಗ್ಗಿಸಿದ,
ಎಲ್ಲ ಸೇರಿ ನಾನೂರು ಮಿಲಿಲೀಟರು,
ಕೊನೆಯ ಹನಿಗೆ ಸೀಸೆಯ ತಳ ತಟ್ಟಿದ,
ಮಗುವಿನ ಬಾಯಿಗೆ ಔಷಧ ಹನಿಸುವಂತೆ.
ಎಂಜಿನು ಎರಡು ಸಲ ಕೆಮ್ಮಿ ಹಿಡಿಯಿತು.
ಕೊಳವೆಯ ತುದಿಯಲ್ಲಿ ಬರೀ ಗಾಳಿ ನಡುಗುತ್ತಿತ್ತು.

ತೋಪಿನ ಹಾದಿಯಲ್ಲಿ,
ಗಿರಣಿಯ ಪಕ್ಕದ್ದೆಂದು ಅವನು ಅನ್ನುವ ತಿರುವು ಬಂದಾಗ
ಎಂದಿನಂತೆ ಗೇರು ಇಳಿಸಿದ.
ಅಲ್ಲಿ ತಿರುವಿಲ್ಲ. ದಾರಿ ನೇರವಾಗಿದೆ.