ಕೋಂ

ಮಳವಳ್ಳಿ ತಾಲ್ಲೂಕು ಕಚೇರಿ, ದಾಖಲೆ ಕೊಠಡಿ.
ಬೀಗ ತೆಗೆದ ನಂಜಮಣಿ ಮೊದಲು ಸೀನಿದಳು,
ಆಮೇಲೆ ಕೇಳಿದಳು: ‘ಯಾವ ವರ್ಷದ್ದು ಕಣಮ್ಮ?’
ವರ್ಷ ಗೊತ್ತಿದ್ದರೆ ನಾನು ಮೂರು ಸಲ ಯಾಕೆ ಬರುತ್ತಿದ್ದೆ.
‘ಕನ್ನಂಬಾಡಿಗೆ ಕಲ್ಲು ಹೊರುತ್ತಿದ್ದ ಕಾಲ’ ಎಂದೆ,
ಅಪ್ಪ ಹೇಳಿಕೊಟ್ಟ ಹಾಗೆ.
ಅವಳು ನಕ್ಕು, ಹತ್ತು ವರ್ಷದ ಕಟ್ಟು ತಂದು ಧೊಪ್ಪನೆ ಇಟ್ಟಳು.
ಕೆಂಪು ಬಟ್ಟೆ. ಇಲಿ ತಿಂದ ಅಂಚು.
ಯಾವಾಗಲೋ ಇಟ್ಟ ಬೇವಿನೆಲೆ ಈಗ ಬರೀ ನರ.

ಬೇಕಾಗಿದ್ದದ್ದು ವಂಶವೃಕ್ಷ, ಖಾತೆಗೆ.
ಚಿಕ್ಕಪ್ಪ ಬರೆದುಕೊಟ್ಟ ಹಾಳೆಯಲ್ಲಿ ಚೌಕದ ಕೆಳಗೆ ಚೌಕ:
ಸಿದ್ದಶೆಟ್ಟಿ, ಅವನ ಮಗ ಮಾದಶೆಟ್ಟಿ,
ಅವನ ಮಗ ನನ್ನ ತಾತ.
ಗಂಡಸರೇ ಬಸಿರಾಗಿ ಗಂಡಸರನ್ನೇ ಹೆತ್ತ ಮರ.
ತಾತನ ತಾಯಿ ಯಾರು ಅಂದರೆ
ಮನೆಯಲ್ಲಿ ಎಲ್ಲರದೂ ಒಂದೇ ಉತ್ತರ: ಗಾಣದಜ್ಜಿ.
ಹೆಸರು?
ಗಾಣ ಸುತ್ತುತ್ತಿದ್ದ ಎತ್ತಿನ ಹೆಸರು ಕೆಂದ.
ಅದು ಅಪ್ಪನಿಗೆ ಇನ್ನೂ ನೆನಪಿದೆ.

ಶಾನುಭೋಗರ ಕೈಬರಹ ಇರುವೆ ಸಾಲು,
ಬೆಲ್ಲ ಎಲ್ಲಿದೆಯೋ ಹುಡುಕಬೇಕು.
ಎರಡನೆಯ ದಿನ ಮಧ್ಯಾಹ್ನ ತಾತ ಹುಟ್ಟಿದ.
ಗಂಡು. ತಂದೆ: ಮಾದಶೆಟ್ಟಿ ಬಿನ್ ಸಿದ್ದಶೆಟ್ಟಿ. ಕಸುಬು: ಗಾಣ.
ತಾಯಿ: ಕೋಂ ಮಾದಶೆಟ್ಟಿ.
ಕೋಂ ಅನ್ನುವುದರ ಎಡಕ್ಕೆ ಇರಬೇಕಾದವಳು ಇಲ್ಲ.
ಬಾಗಿಲು ಇದೆ, ಬಾಗಿಲ ಮೇಲೆ ಗಂಡನ ಹೆಸರಿದೆ,
ಒಳಗೆ ಯಾರೂ ಓಗೊಡುತ್ತಿಲ್ಲ.

ಕೆಲಸ ಮುಗಿದಿತ್ತು, ಏಳಬಹುದಿತ್ತು.
ಸುಮ್ಮನೆ ಮರಣದ ಪುಸ್ತಕವನ್ನೂ ಬಿಚ್ಚಿದೆ.
ಶಾನುಭೋಗರಿಗೆ ಗೊತ್ತಿದ್ದ ಕಾಯಿಲೆ ಎರಡೇ, ಜ್ವರ ಮತ್ತು ಭೇದಿ.
ಬಾವಿಗೆ ಬಿದ್ದವಳೂ ಜ್ವರಕ್ಕೇ ಸತ್ತಿದ್ದಾಳೆ,
ಷರಾದಲ್ಲಿ ಸಣ್ಣಗೆ ಬಾವಿ ಅಂತಿದೆ.
ತಿಳಿಸಿದವರು ಅನ್ನುವ ಕಾಲಂ ತುಂಬ
ತೋಟಿ ಮಾರನ ಕತ್ತರಿ ಗುರುತು,
ಊರಿನ ಸಾವನ್ನೆಲ್ಲ ಒಬ್ಬನೇ ಹೊತ್ತು ತಂದ ಹಾಗೆ.

ಒಂದು ಸಾಲು ಮಾತ್ರ ಬೇರೆ.
ಹೆಣ್ಣು. ವಯಸ್ಸು ಒಂಬತ್ತು ದಿನ. ಹೆಸರು: ಇಟ್ಟಿಲ್ಲ.
ಕಾರಣ ಜ್ವರ.
ತಿಳಿಸಿದವರು: ಚಿಕ್ಕದೇವೀರಿ ಕೋಂ ಮಾದಶೆಟ್ಟಿ.
ಹೆಬ್ಬೆಟ್ಟು.

ಮಾರನಿಗೆ ಹುಷಾರಿರಲಿಲ್ಲವೋ,
ಗಂಡ ಎಣ್ಣೆ ಹೊತ್ತು ಸಂತೆಗೆ ಹೋಗಿದ್ದನೋ,
ಇವಳೇ ಬಂದಿದ್ದಾಳೆ. ಪುರುಡು ಕಳೆಯದ ಮೈಯಲ್ಲಿ.
ಪಟೇಲರು ಪುಸ್ತಕವನ್ನು ಜಗುಲಿಯ ಅಂಚಿಗೆ ಸರಿಸಿರಬೇಕು.
ಯಾರಮ್ಮ ನೀನು ಅಂದಿರಬೇಕು.
ಇಂಥವನ ಹೆಂಡತಿ ಅಂದರೆ ಸಾಲದೆ,
ಆ ಒಂದು ಸಲ,
ಹೆಸರು ಹೇಳಬೇಕಾಗಿ ಬಂತು.
ಬದುಕಿ ಬೆಳೆದ ಮಗನ ಸಾಲಿನಲ್ಲಿ ಇಲ್ಲದವಳು
ಹೆಸರಿಲ್ಲದೆ ಹೋದವಳ ಪಕ್ಕದಲ್ಲಿ ಇದ್ದಾಳೆ.

ಹೆಬ್ಬೆಟ್ಟಿನ ಸುತ್ತ ಕಾಗದ ಬೇರೆಯೇ ಬಣ್ಣ.
ಶಾಯಿಯಲ್ಲ.
ಎಣ್ಣೆ. ತೊಳೆದರೂ ಹೋಗದ, ಗಾಣದವಳ ಕೈಯ ಎಣ್ಣೆ,
ಹುಚ್ಚೆಳ್ಳೋ ಹರಳೋ ತಿಳಿಯದು.
ಇಂಗಿ ಇಂಗಿ ಕಾಗದ ತೆಳುವಾಗಿ
ಅಲ್ಲಿ ಮಾತ್ರ ಹಿಂದಿನ ಪುಟ ಕಾಣುತ್ತದೆ,
ತಿರುಗಾಮುರುಗಾ, ಯಾರದೋ ಜ್ವರ.

ಅರ್ಜಿಯಲ್ಲಿ ಈ ಸಾಲಿನ ಸಂಖ್ಯೆ ಬರೆದೆ.
‘ಇದು ವಂಶವೃಕ್ಷಕ್ಕೆ ಬರಲ್ಲ ಕಣಮ್ಮ,’ ನಂಜಮಣಿ ಹೇಳಿದಳು,
‘ಮಗು ಉಳ್ದಿಲ್ವಲ್ಲ.’
ಕೊಡಿ ಎಂದೆ.
ಉದ್ದೇಶ ಅನ್ನುವಲ್ಲಿ ಏನು ತುಂಬುವುದು ಹೊಳೆಯಲಿಲ್ಲ,
ಅವಳೇ ಪೆನ್ನು ಕಿತ್ತುಕೊಂಡು ‘ಸ್ವಂತಕ್ಕೆ’ ಅಂತ ಗೀಚಿದಳು.
ನಕಲಿನಲ್ಲಿ ಎಣ್ಣೆ ಬರಲಿಲ್ಲ. ಬರೀ ಕಪ್ಪು ಮಚ್ಚೆ.

ಬಸ್‌ಸ್ಟ್ಯಾಂಡಿನಿಂದ ಅಪ್ಪನಿಗೆ ಫೋನು ಮಾಡಿದೆ.
ಚಿಕ್ಕದೇವೀರಿ, ಎಂದೆ.
ಅಪ್ಪ ಎರಡು ಸಲ ಹೇಳಿ ನೋಡಿದರು,
ಹೊಸ ಹಲ್ಲಿನ ಸೆಟ್ಟಿನಲ್ಲಿ ಅಗಿದು ನೋಡುವವರ ಹಾಗೆ.
ಅವಳಿಗೊಂದು ಹೆಣ್ಣು ಕೂಸಿತ್ತು ಎಂದಾಗ ಮಾತಿಲ್ಲ.
ಕೊಳ್ಳೇಗಾಲದ ಬಸ್ಸು ಬಂದು, ತುಂಬಿ, ಹೋಯಿತು.
ಆಮೇಲೆ ಕೇಳಿದರು:
‘ಹೆಬ್ಬೆಟ್ಟು ಬಿಗಿಯಾಗಿ ಒತ್ತವ್ಳಾ?’
ಹೂಂ ಅಪ್ಪ.
ಹಿಂದಿನ ಪುಟ ಕಾಣೋ ಅಷ್ಟು.