ಎರಡು ಗೇಣು

ಮೊದಲು ಮಗುವನ್ನು ಕಟ್ಟುವುದು,
ಆಮೇಲೆ ಒಲೆ ಹಚ್ಚುವುದು.
ಅತ್ತೆ ತ್ಸೆಂಡ್ಮಾ ಕಲಿಸಿದ ಅಡುಗೆಯ ಮೊದಲ ಪಾಠ ಇದು.
ಉಪ್ಪೆಷ್ಟು, ನೀರೆಷ್ಟು, ಎಲ್ಲ ಆಮೇಲೆ.

ಗೋಬಿಯ ಅಂಚಿನಲ್ಲಿ ನಮ್ಮದು ದುಂಡಗಿನ ಮನೆ,
ಉಣ್ಣೆಯ ಗೋಡೆ.
ಅಡುಗೆಮನೆ ಅಂತ ಬೇರೆ ಇಲ್ಲ, ನಡುವೆ ಮುಚ್ಚಲು ಕದವಿಲ್ಲ.
ನಟ್ಟನಡುವೆ ಕಬ್ಬಿಣದ ಒಲೆ,
ಸುತ್ತ ನಾವು.
ಒಣ ಸಗಣಿ ತುಂಬಿದರೆ ಗಳಿಗೆಯೊಳಗೆ
ಅದರ ಹೊಟ್ಟೆ ಕೆಂಪಗಾಗುತ್ತದೆ,
ಕೆಂಪು ಕಂಡರೆ ದೊಲ್ಗೋನನ ಕಣ್ಣರಳುತ್ತದೆ.

ದೊಲ್ಗೋನ್ ಎಂದರೆ ಶಾಂತ.
ಹೆಸರಿಟ್ಟ ದಿನ ಅವನು ನಿದ್ದೆಯಲ್ಲಿದ್ದ.

ಒಂಟೆಯ ಉಣ್ಣೆ ಹೆಣೆದ ಹಗ್ಗ,
ಸೊಂಟಕ್ಕೆ ಒತ್ತದಂತೆ ಹಳೆಯ ನಿಲುವಂಗಿಯ ತೋಳು.
ಒಂದು ತುದಿ ಮಂಚದ ಕಾಲಿಗೆ,
ಇನ್ನೊಂದು ಅವನ ಬೆನ್ನ ಮೇಲೆ, ಕೈಗೆ ಸಿಗದ ಕಡೆ.
ಅಳತೆ ಹೀಗೆ: ಒಲೆಯತ್ತ ಬೋರಲು ಮಲಗಿಸು,
ತೋಳು ಚಾಚಿಸು
(ಸಕ್ಕರೆ ತೋರಿಸಿದರೆ ತಾನೇ ಚಾಚುತ್ತಾನೆ),
ಬೆರಳ ತುದಿಗೂ ಕಬ್ಬಿಣಕ್ಕೂ ನಡುವೆ
ಎರಡು ಗೇಣು ಉಳಿಯಬೇಕು.
ತಿಂಗಳಿಗೊಮ್ಮೆ ಅಳೆಯುತ್ತೇನೆ.
ಅಂಗಿ ತಾನಾಗಿ ಗಿಡ್ಡವಾಗುತ್ತದೆ, ಬೂಟು ತಾನಾಗಿ ಬಿಗಿಯಾಗುತ್ತದೆ;
ಮಗು ಬೆಳೆದಂತೆ ನಾನು ಗಿಡ್ಡ ಮಾಡಬೇಕಾದದ್ದು
ಈ ಹಗ್ಗ ಒಂದೇ.

ಹೋದ ವರ್ಷ ಆಸ್ಪತ್ರೆಯಿಂದ ದಾದಿಯೊಬ್ಬಳು ಬಂದಿದ್ದಳು.
ತೂಕ ನೋಡಿದಳು, ಹಲ್ಲು ಎಣಿಸಿದಳು.
‘ಕಟ್ಟಿಹಾಕುತ್ತೀರಾ?’ ಅಂದಳು, ಬರೆದುಕೊಳ್ಳುತ್ತ.
ಮೈದುನ ಬ್ಯಾಂಬಾ ಅವಳಿಗೆ ಚಹಾದ ಬಟ್ಟಲು ನೀಡಿದ.
ಅವನ ಎಡಗೈಯ ಮೂರು ಬೆರಳು
ಒಂದಕ್ಕೊಂದು ಕರಗಿ ಅಂಟಿವೆ.
ಇದೇ ಹಗ್ಗ. ಒಂದೇ ಒಂದು ದಿನ ಕಟ್ಟಿರಲಿಲ್ಲ.
ದಾದಿ ಚಹಾ ಕುಡಿದಳು.
ಮುಂದಕ್ಕೆ ಏನೂ ಬರೆಯಲಿಲ್ಲ.

ಬೆಂಕಿಯನ್ನು ನಾವು ತಾಯಿ ಅನ್ನುತ್ತೇವೆ,
ಮಾಂಸದ ಮೊದಲ ತುಣುಕು ಅವಳಿಗೇ.
ಆದರೂ ಮಗುವನ್ನು ನೋಡಿಕೋ ಅಂತ
ಅವಳಿಗೆ ಒಪ್ಪಿಸುವುದಿಲ್ಲ.

ಕಟ್ಟಿದರೆ ಮುಗಿಯಿತೇ? ಕೈಗೆ ಕೆಲಸ ಬೇಕು.
ಕುರಿಯ ಹರಡಿನ ಎಲುಬು ಹತ್ತು ಕೊಟ್ಟಿದ್ದೇನೆ,
ಹೀಗೆ ಬಿದ್ದರೆ ಕುದುರೆ, ಹಾಗೆ ಬಿದ್ದರೆ ಒಂಟೆ,
ಅವನಿಗೆ ಎಲ್ಲವೂ ‘ಮ್ಮೇ’.
ಕಲ್ಲಿನಂಥ ಒಣಮೊಸರಿನ ತುಂಡು, ನಾಲ್ಕು ಹಲ್ಲಿಗೆ ಅರ್ಧ ದಿನದ ದುಡಿಮೆ.
ನಾದಿದ ಹಿಟ್ಟಿನ ಉಂಡೆಯೊಂದು ಎಸೆಯುತ್ತೇನೆ;
ಬೋಳಾಗಿ ಹೋದದ್ದು
ಮೈತುಂಬ ಉಣ್ಣೆ ಹೊದ್ದು ಮರಿಯಂತೆ ವಾಪಸು ಬರುತ್ತದೆ.
ನಾನು ಬೆನ್ನು ತಿರುಗಿಸಿ ಲಟ್ಟಿಸುತ್ತೇನೆ.
ಕಣ್ಣು ಹಿಟ್ಟಿನ ಮೇಲೆ, ಕಿವಿ ಅವನ ಮೇಲೆ.
ಕೂಗಲಿ, ಬಡಿಯಲಿ, ಬಟ್ಟಲು ಉರುಳಿಸಲಿ,
ಸದ್ದಿದ್ದರೆ ಸಾಕು.

ಇವತ್ತು ಸದ್ದು ನಿಂತಿತು.

ಹೊರಗೆ ಮಣ್ಣುಗಾಳಿ. ಚಹಾ ಕುದಿಯುತ್ತಿತ್ತು.
ತಿರುಗುವಷ್ಟರಲ್ಲಿ ನಾನು
ಬ್ಯಾಂಬಾನ ಕೈ ಎಷ್ಟು ಸಲ ನೋಡಿದೆನೋ.

ಮಂಚದ ಕಾಲು ಬರಿದು.
ಗಂಟು ಬಿಚ್ಚಿತ್ತು, ಹೇಗೋ, ಹಲ್ಲಿನಿಂದಲೋ.
ದೊಲ್ಗೋನ್ ಒಲೆಗೆ ಬೆನ್ನು ಹಾಕಿ ಕೂತಿದ್ದ.
ಮುಂಜಾನೆ ಹುಟ್ಟಿ ಚಳಿಗೆ ಒಳಗೆ ತಂದ ಕುರಿಮರಿ
ನಡುಗುವ ಕಾಲಿನಲ್ಲಿ ಬೆಚ್ಚನೆಯ ಕಡೆ ಹೊರಟಿತ್ತು.
ಇವನು ಬಿಚ್ಚಿದ ತುದಿಯನ್ನು ಅದರ ಹೊಟ್ಟೆಗೆ
ಸುತ್ತಿದ್ದ, ಸುತ್ತಿದ್ದ, ಮತ್ತೆ ಸುತ್ತಿದ್ದ,
ಎರಡೂ ಕೈಯಿಂದ ಹಿಂದಕ್ಕೆ ಜಗ್ಗುತ್ತ
‘ಹಲೂನ್’ ಅಂದ.
ಸುಡುತ್ತದೆ.
ದಿನಕ್ಕೆ ನೂರು ಸಲ ನಾನಾಡುವ ಮಾತು,
ನನ್ನದೇ ಗದರುದನಿಯಲ್ಲಿ.

ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು.
ಗಂಟು ಬಿಚ್ಚಿದ್ದಕ್ಕೆ ಬೈಯಬೇಕಿತ್ತು.
ಬೈದೆ.
ಆಮೇಲೆ ತುಂಬ ಹೊತ್ತು ಎತ್ತಿಕೊಂಡೇ ನಿಂತಿದ್ದೆ,
ಹಿಟ್ಟು ಒಣಗಿ ಬಿರುಕು ಬಿಟ್ಟಿತು.

ಮತ್ತೆ ಕಟ್ಟಿದೆ, ಈಗ ಇಬ್ಬರನ್ನೂ.
ಅಪ್ಪ ಪೋಲಿ ಒಂಟೆಗೆ ಹಾಕುತ್ತಿದ್ದ ಗಂಟು ಹಾಕಿ.
ಅವನನ್ನು ಬೆರಳಿನಿಂದ ಅಳೆದೆ: ಎರಡು ಗೇಣು.
ಮರಿಗೆ ತೋಳಿಲ್ಲ,
ಮೂಗಿನಿಂದ ಅಳೆದೆ.