ಆರು ಸಿಸಿ

ಒಂದು ಸಿಸಿ ಅಂದರೆ ಇಪ್ಪತ್ತು ಸಾವಿರ ಮೊಟ್ಟೆ, ಹೆಚ್ಚುಕಡಿಮೆ.
ಎಣಿಸಿದವರು ಯಾರೋ. ನಾನು ಅಳೆಯುತ್ತೇನೆ ಅಷ್ಟೆ,
ಮೂತಿ ಕೊಯ್ದ ಹಳೇ ಸಿರಿಂಜಿನಲ್ಲಿ.

ಹೆಬ್ಬಾಳದಲ್ಲಿ, ಫ್ಲೈಓವರಿನ ಸದ್ದು ಕಿಟಕಿಯವರೆಗೆ ಬಂದು
ಅಲ್ಲೇ ನಿಂತುಬಿಡುವ ಉದ್ದನೆಯ ಕೋಣೆ.
ಸಾಲಾಗಿ ನೀಲಿ ಬೇಸಿನ್ನು, ಮೇಲೆ ಬಿಳೀ ಬಟ್ಟೆ,
ಒಳಗೆ ಜೋಳದ ನುಚ್ಚು, ಕಡಲೆಬೀಜದ ಪುಡಿ, ಚಿಟಿಕೆ ಯೀಸ್ಟು.
ಬಾಣಂತಿಗೂ ಹೀಗೆ ಅಳೆದು ಇಕ್ಕುವವರಿಲ್ಲ.
ನಲವತ್ತು ದಿನ ಕಳೆದು ಬಟ್ಟೆ ಎತ್ತಿದರೆ
ಬೂದಿ ಬಣ್ಣದ ಪತಂಗಗಳು, ಸೋಮಾರಿಗಳು,
ಹಾರಲು ಮನಸ್ಸಿಲ್ಲದೆ ಬಟ್ಟೆಗೇ ಅಂಟಿ ಕೂತಿರುತ್ತವೆ.
ಗಾಜಿನ ಕೊಳವೆಗೆ ಒಂದೊಂದನ್ನೇ ತುಂಬುತ್ತೇನೆ.
ರೆಕ್ಕೆಯ ಪುಡಿ ಗಾಳಿಯಲ್ಲಿ. ಮಾಸ್ಕಿನ ಒಳಗೂ.
ಏಳು ವರ್ಷದ ನನ್ನ ಕೆಮ್ಮಿನಲ್ಲಿ ಅವುಗಳ ಪಾಲಿದೆ.

ಮನೆಯಲ್ಲಿ ಇದಕ್ಕೆ ಅಕ್ಕಿಹುಳ ಅನ್ನುತ್ತೇವೆ.
ಭಾನುವಾರ ತಾರಸಿಯಲ್ಲಿ ರೇಷನ್ ಅಕ್ಕಿ ಹರಡಿ
ಬಿಸಿಲಿಗೆ ಓಡಿಸುವುದೂ ಇದನ್ನೇ.
ಸೋಮವಾರ ಮತ್ತೆ ಸಾಕಲು ಹೋಗುತ್ತೇನೆ, ಸಂಬಳಕ್ಕೆ.

ಇಟ್ಟ ಮೊಟ್ಟೆಗೆ ಅರ್ಧ ಗಂಟೆ ನೇರಳೆ ದೀಪ.
ಆಮೇಲೆ ಒಳಗಿನದು ಮರಿಯಾಗುವುದಿಲ್ಲ,
ಮೊಟ್ಟೆ ಮಾತ್ರ ಕೆಡದೆ ಇರುತ್ತದೆ.
ಸ್ವಿಚ್ಚು ಒತ್ತುವ ಬೆರಳು ನನ್ನದು.
ಕಾರ್ಡಿಗೆ ಗೋಂದು ಸವರಿ, ಟೀ ಸೋಸುವ ಜಾಲರಿಯಿಂದ
ಸಮನಾಗಿ ಉದುರಿಸಿ, ಅದರ ಮೇಲೆ ಕಣಜ ಬಿಡುತ್ತೇವೆ.
ಕಚ್ಚುವ ಕಣಜವಲ್ಲ. ಈ ಸಾಲಿನ ಕೊನೆಯ ಚುಕ್ಕೆಗಿಂತ ಚಿಕ್ಕದು.
ಕಾಳು ತುಂಬಿಡುವುದಕ್ಕೂ ಕಣಜ, ಚುಚ್ಚುವುದಕ್ಕೂ ಕಣಜ,
ನಮ್ಮ ಮಾತಿಗೆ ಮೊದಲೇ ಗೊತ್ತಿತ್ತೋ ಏನೋ.
ನಾಲ್ಕನೇ ದಿನಕ್ಕೆ ಮೊಟ್ಟೆಯೆಲ್ಲ ಕಪ್ಪು:
ಒಳಗೆ ಬೇರೆಯವರು ಕೂತಿದ್ದಾರೆ.

ಅಜ್ಜಿ ಜಿನಮತಿ, ನೀರನ್ನು ಎರಡು ಸಲ ಸೋಸುವವಳು,
ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು,
ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ,
‘ಇವತ್ತೆಷ್ಟಾಯ್ತೇ?’
‘ಆರು ಸಿಸಿ.’
ಅವಳಿಗೆ ಸಿಸಿ ಗೊತ್ತಿಲ್ಲ.
ಗೊತ್ತಿಲ್ಲವೆಂದೇ ನಾನು ಸಿಸಿಯಲ್ಲಿ ಹೇಳುತ್ತೇನೆ.

ಅವರೆ ಕಾಲ. ಮತ್ತಿಕೆರೆಯ ಬೀದಿಯೆಲ್ಲ ಸಿಪ್ಪೆ.
ಕಾಯಿ ಬಿಡಿಸುವಾಗ ಹುಳ ಸಿಕ್ಕರೆ ಅಜ್ಜಿ
ಪೊರಕೆಕಡ್ಡಿಯ ತುದಿಗೆ ಹತ್ತಿಸಿಕೊಂಡು
ದಾಸವಾಳದ ಕುಂಡದವರೆಗೆ ನಡೆಯುತ್ತಾಳೆ, ಮೊಣಕಾಲು ನೋವಿನಲ್ಲೂ.
‘ಬದುಕಿಕೋ’ ಅನ್ನುತ್ತಾಳೆ.
ವಾಪಸ್ಸು ಬಂದು, ‘ಇನ್ನೊಂದ್ಸಲ ಹುಳ ಇಲ್ಲದ್ದು ತಾರೆ,
ಕೈಯಿಗೆ ಪಾಪ ಅಂಟುತ್ತೆ.’
ತಂದೆ.
ಒಂದೂ ತೂತಿಲ್ಲ. ಸೊಗಡೂ ಇಲ್ಲ.
ಮೂರು ಸಲವಾದರೂ ಔಷಧಿ ಹೊಡೆದಿರಬೇಕು.
ವಿಷಕ್ಕೆ ನಾವು ಔಷಧಿ ಅಂತಲೇ ಅನ್ನುವುದು.
ಅಜ್ಜಿ ಅಂದು ಕುಂಡದ ಕಡೆ ಏಳಲಿಲ್ಲ, ಸಂತೋಷವಾಗಿದ್ದಳು.
ನಾನು ಬಾಯಿ ಬಿಡಲಿಲ್ಲ.

ಕಾರ್ಡು ಒಯ್ಯಲು ದೊಡ್ಡಜಾಲದ ಆಚೆಯಿಂದ
ಪಿಳ್ಳಮುನಿಶಾಮಪ್ಪ ಬರುತ್ತಾನೆ, ಟಿಫನ್ ಕ್ಯಾರಿಯರ್ ಹಿಡಿದು.
ಮೇಲಿನ ಡಬ್ಬಿಯಲ್ಲಿ ಮುದ್ದೆ, ಕೆಳಗಿನದರಲ್ಲಿ ನನ್ನ ಕಾರ್ಡು.
‘ಹೊಡೆದ ರಾತ್ರಿಯೆಲ್ಲ ಕಣ್ಣುರಿ ಕಣಮ್ಮ.
ಇದಾದ್ರೆ ಎಲೆ ಕೆಳಗೆ ಪಿನ್ನು ಹಾಕಿ ಬಂದ್ರಾಯ್ತು.
ಅವುಗಳದ್ದು ಅವು ನೋಡ್ಕೊಳ್ತವೆ. ನನ್ನ ಕೈ ಇಲ್ಲ.’
‘ನಿಮ್ಮ ಕೈ ಇಲ್ಲ, ಸರಿ. ನನ್ನದು?’
ಬೀಡಿಯನ್ನು ಕಿವಿಯ ಮೇಲಿಂದ ತೆಗೆದು,
ಬೋರ್ಡು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿ ಅಂದ,
‘ನೀನು ಸೂಲಗಿತ್ತಿ.’
ಯಾರ ಸೂಲಗಿತ್ತಿ ಅಂತ ಹೇಳದೆ
ಮೂರೂವರೆ ಬಸ್ಸಿಗೆ ಹೊರಟ.

ನಿನ್ನೆ ನನ್ನ ಜಡೆಯಲ್ಲಿ ಒಂದು ಪತಂಗ
ಮತ್ತಿಕೆರೆಯವರೆಗೆ ಟಿಕೆಟ್ಟಿಲ್ಲದೆ ಬಂತು.
ಅಜ್ಜಿ ನೋಡಿ, ಊದಿ ಎಬ್ಬಿಸಿದಳು, ನೋಯದ ಹಾಗೆ.
ಅದು ಬಾಗಿಲು ಬಿಟ್ಟು
ಅಡಿಗೆಮನೆಯ ಅಕ್ಕಿ ಡಬ್ಬಿಯ ಕಡೆ ಹೋಯಿತು.
ಎರಡು ಪಾವು ಅಳೆದುಕೊಂಡು
ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ.
ಅದು ಒಳಗಿತ್ತೋ ಹೊರಗಿತ್ತೋ,
ನೋಡಲಿಲ್ಲ.